ಶೆರ್ಲಿಯ ಡೆಕ್ಕೂ ನಮ್ಮ ಮನೆಯ ಅಂತರಪಟವೂ

ಅಚ್ಚು ಹೊಡೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೇ ನಾನು ನಂಬಿದ್ದೆ. ಬೆಟಗೇರಿಯ ನನ್ನ ತವರುಮನೆಯಲ್ಲಿ ಮಕ್ಕಳು ಅಂಬೆಗಾಲಿಡುವುದೇ ಬಣ್ಣದ ಗಡಿಗೆಗಳ ನಡುವೆ. ಮರದ ಅಚ್ಚನ್ನು ಬಣ್ಣದಲ್ಲಿ ಅದ್ದುವುದು, ಬಟ್ಟೆಯ ಮೇಲಿಡುವುದು, ಅಂಗೈಯಿಂದ ಒಂದು ಗುದ್ದು ಕೊಡುವುದು. ಅಷ್ಟೇ ತಾನೆ! ಅಜ್ಜ ಗುದ್ದಿದರು, ಅಪ್ಪ ಗುದ್ದಿದರು, ಈಗ ತಮ್ಮ ರಾಘು ಗುದ್ದುತ್ತಾನೆ. ದಿನವೂ ರೊಟ್ಟಿ ಬಡಿಯುವ ನನ್ನ ಕೈಗೆ ಇದೇನು ಮಹಾ?

ಹಾಗಾಗಿ ರಾಘು ಫೋನಿನಲ್ಲಿ, "ಅಕ್ಕಾ, ಪೂರ್ಣಿಮಾನ ಲಗ್ನ ಗಟ್ಟಿ ಆತು. ನೀವು ಬರಾಕ ಆಗಂಗಿಲ್ಲ ಅಂದ್ರ ಬ್ಯಾಡ, ಆದರ ಅಂತರಪಟದ ಗೆರಿ ಮಾತ್ರ ನೀನ ಹೊಡದು ಕಳಿಸಬೇಕು ನೋಡು," ಎಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅದೇನ್ ದೊಡ್ಡ ಮಾತೋ ರಾಘು!" ಎಂದುಬಿಟ್ಟೆ. ದೇವರು ನನಗೆ ನಾಲಿಗೆ ಕೊಟ್ಟಿದ್ದಾನೆ. ಅದಕ್ಕೊಂದು ಬಾಗಿಲು ಕೊಟ್ಟಿದ್ದರೆ ಚೆನ್ನಾಗಿತ್ತು.

ಪೂರ್ಣಿಮಾ ರಾಘುವಿನ ಮಗಳು. ಮದುವೆಯಲ್ಲಿ ಹುಡುಗ ಹುಡುಗಿಯ ನಡುವೆ ಹಿಡಿಯುವ ಅಂತರಪಟವನ್ನು ನಮ್ಮ ಮನೆತನದಲ್ಲಿ ಅಂಗಡಿಯಿಂದ ತರುವ ಪದ್ಧತಿ ಇಲ್ಲ. ನಾವೇ ಅಚ್ಚು ಹೊಡೆದು ಮಾಡಬೇಕು. ಎದುರುಬದುರು ಕೂತ ಗಿಳಿಗಳ ಸಾಲು. ಮೊದಲು ಗಿಳಿಯ ಕರಿ ಗೆರೆ, ಆಮೇಲೆ ಒಳಗೆ ಕೆಂಪು. ಕೆಂಪನ್ನು ಮನೆಯಲ್ಲಿ ಯಾರಾದರೂ ತುಂಬಬಹುದು. ಗೆರೆಯನ್ನು ಮಾತ್ರ ಮನೆಯ ಹಿರಿಮಗಳೇ ಎಳೆಯಬೇಕು. ಕೂಸಿನ ಗಲ್ಲಕ್ಕೆ ಇಡುವ ದೃಷ್ಟಿಬೊಟ್ಟಿನ ಹಾಗೆ ಆ ಕಪ್ಪು ಮದುವೆಯನ್ನು ಕಾಯುತ್ತದಂತೆ. ನಮ್ಮ ಮನೆಯ ಹಿರಿಮಗಳು ನಾನು. ನಾನಿರುವುದು ನ್ಯೂಜಿಲೆಂಡಿನಲ್ಲಿ. ಮಗಳ ಪರೀಕ್ಷೆ ಮದುವೆಯ ವಾರವೇ ಬಿದ್ದಿತ್ತು.

ನಮ್ಮವರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲ ಸುಮಿ, ನಿನಗ ಬರ್ತದೇನು?"

"ಏನ್ ಮಾತ್ರೀ ಇದು? ನೀವು ಇಂಜಿನಿಯರು. ಗುಣಾಕಾರ ಮರ್ತೀರೇನು?"

"ನಾ ಗುಣಾಕಾರ ಕಲ್ತಿದ್ದೆ. ನೀ ಅಚ್ಚು ಹೊಡದದ್ದು ಯಾರ್ ನೋಡ್ಯಾರ?"

ಯಾರೂ ನೋಡಿರಲಿಲ್ಲ. ತವರಿನಲ್ಲಿ ನನ್ನ ಪಾಲಿನ ಕೆಲಸ ಒಣಹಾಕಿದ ಬಟ್ಟೆ ಹಾರಿಹೋಗದಂತೆ ಮೂಲೆಗೊಂದು ಕಲ್ಲಿಡುವುದು. ಅದನ್ನು ನಾನು ಅತ್ಯಂತ ಶ್ರದ್ಧೆಯಿಂದ ಮಾಡುತ್ತಿದ್ದೆ.

ಈಗ ಇಲ್ಲಿನ ನಮ್ಮ ಮನೆಯ ವಿಷಯ ಹೇಳದಿದ್ದರೆ ಮುಂದಿನ ನನ್ನ ಹೆದರಿಕೆ ನಿಮಗೆ ಅರ್ಥವಾಗುವುದಿಲ್ಲ. ಆಕ್ಲೆಂಡ್ ನಗರದ ಹೆಂಡರ್ಸನ್ ಬಡಾವಣೆಯಲ್ಲಿ ನಾವಿದ್ದದ್ದು ಬಾಡಿಗೆಗೆ. ಆ ವರ್ಷಗಳಲ್ಲಿ ಆಕ್ಲೆಂಡಿನಲ್ಲಿ ಒಂದು ಮನೆ ಖಾಲಿಯಾದರೆ ಅದನ್ನು ನೋಡಲು ಜನ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ಹಿಂದಿನ ಮನೆಯನ್ನು ಮಾಲೀಕರು ಮಾರಿಬಿಟ್ಟಾಗ ಸಾಮಾನು ಕಟ್ಟಿಕೊಂಡು ಒಂದು ಇಡೀ ಚಳಿಗಾಲ ಅಲೆದಿದ್ದೆವು. ಅದನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿ ತಾಳಿಯ ಮೇಲೆ ಹೋಗುತ್ತದೆ. ಕೊನೆಗೆ ಬನಶಂಕರಿ ತಾಯಿಯ ದಯೆಯಿಂದ ಶೆರ್ಲಿ ಎಂಬ ಮುದುಕಿಯ ಈ ಮನೆ ಸಿಕ್ಕಿತು. ಮಗಳು ಅಂಕಿತಾಳ ಶಾಲೆ ನಡೆದು ಹೋಗುವಷ್ಟು ದೂರ. ನಮ್ಮವರಿಗೆ ರೈಲು ಹತ್ತಿರ. ಅಡಿಗೆಮನೆಯ ಕಿಟಕಿ ಪೂರ್ವಕ್ಕೆ! ಪರದೇಶದಲ್ಲಿ ಒಲೆಯ ಮುಂದೆ ನಿಂತು ಸೂರ್ಯನಾರಾಯಣನಿಗೆ ಕೈ ಮುಗಿಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಶೆರ್ಲಿಯದು ಒಂದೇ ಷರತ್ತು. ಮನೆಯ ಹಿಂದೆ ಮರದ ಹಲಗೆ ಜೋಡಿಸಿ ಕಟ್ಟಿದ ಅಗಲವಾದ ಜಗಲಿಯಿತ್ತು. ಇಲ್ಲಿ ಅದಕ್ಕೆ ಡೆಕ್ ಎನ್ನುತ್ತಾರೆ. ಕ್ವಿಲಾ ಎಂಬ ಕೆಂಪು ಮರ. ತೀರಿಕೊಂಡ ಆಕೆಯ ಗಂಡ ರಾನ್ ಅದನ್ನು ತನ್ನ ಕೈಯಾರೆ ಕಟ್ಟಿದ್ದನಂತೆ. "ಗೋಡೆಗೆ ಮೊಳೆ ಬೇಕಾದ್ರೆ ಹೊಡೀರಿ. ರಾನ್ ಡೆಕ್ ಮಾತ್ರ ಜೋಪಾನ," ಎಂದಿದ್ದಳು. ಈಗ ಕರಾರು ಮುಗಿಯುವುದರಲ್ಲಿತ್ತು. ಮನೆ ಮಾರೋಣವೆಂದು ಆಕೆಯ ಮಗ ಬೆನ್ನು ಹತ್ತಿದ್ದ. "ನಾನೇ ಬಂದು ನೋಡ್ತೀನಿ. ನೀಟಾಗಿ ಇಟ್ಕೊಂಡಿದ್ರೆ ಇನ್ನೆರಡು ವರ್ಷ ನಿಮಗೇ. ಇಲ್ಲಾಂದ್ರೆ ಮಗನ ಮಾತು ಕೇಳ್ತೀನಿ," ಎಂದು ಹೇಳಿಟ್ಟಿದ್ದಳು. ನಾನು ಅಂದಿನಿಂದಲೇ ಕಿಟಕಿಯ ಸಂದಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಲು ಶುರುಮಾಡಿದ್ದೆ.

ಇಂಥ ಹೊತ್ತಿನಲ್ಲಿ ನಾನು ಗ್ಯಾರೇಜಿನಲ್ಲಿ ಗಡಿಗೆ ಇಟ್ಟೆ.

ಗಡಿಗೆ ಎಂದರೆ ಕರಿ ಬಣ್ಣ ತಯಾರಾಗುವ ಪಾತ್ರೆ. ನೀರಿಗೆ ಬೆಲ್ಲ ಹಾಕಿ, ತುಕ್ಕು ಹಿಡಿದ ಕಬ್ಬಿಣದ ಚೂರು ಮುಳುಗಿಸಿ, ಬಾಯಿ ಮುಚ್ಚಿ ವಾರಗಟ್ಟಲೆ ಕೊಳೆಸಬೇಕು. ಗಡಿಗೆ ಎಲ್ಲಿಂದ ತರಲಿ? ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟೇ ಗಡಿಗೆಯಾಯಿತು. ತುಕ್ಕು ಹಿಡಿದ ಮೊಳೆಗಳನ್ನು ಪಕ್ಕದ ಮನೆಯ ಇವಾನ್ ಅಂಕಲ್ ಕೊಟ್ಟರು. ಅವರ ಅಜ್ಜ ಡಾಲ್ಮೇಷಿಯಾ ಎಂಬ ದೂರದ ಸೀಮೆಯಿಂದ ಬಂದು ಹೆಂಡರ್ಸನ್ನಿನಲ್ಲಿ ದ್ರಾಕ್ಷಿ ತೋಟ ಮಾಡಿ ವೈನು ತೆಗೆದವರು. ಮೊಳೆ ಯಾಕೆಂದು ಅಂಕಲ್ ಕೇಳಲಿಲ್ಲ. ಸಭ್ಯಸ್ಥರು.

ಬಕೆಟ್ಟು ಬುರುಬುರು ಎನ್ನತೊಡಗಿತು. ನೊರೆ ಬಂತು. ವಾಸನೆ ಬಂತು. ನಮ್ಮವರು ಗ್ಯಾರೇಜಿಗೆ ಹೋಗುವಾಗ ಮೂಗಿಗೆ ಕರ್ಚೀಫು ಕಟ್ಟಿಕೊಳ್ಳತೊಡಗಿದರು. ಒಂದು ಸಂಜೆ ನೋಡುತ್ತೇನೆ, ಇವಾನ್ ಅಂಕಲ್ ಬೇಲಿಯ ಮೇಲಿಂದ ಬಾಗಿದ್ದಾರೆ. ಕೈಯಲ್ಲಿ ಖಾಲಿ ಗ್ಲಾಸು!

"ನನ್ನಜ್ಜನ ಶೆಡ್ಡೂ ಹೀಗೇ ಘಮ್ಮಂತಿತ್ತು," ಎಂದರು, ಕಣ್ಣು ತೇವ ಮಾಡಿಕೊಂಡು. "ಸ್ವಲ್ಪ ರುಚಿ ನೋಡೋಣ?"

ಶಿವ ಶಿವಾ! ಏಕಾದಶಿಗೆ ಈರುಳ್ಳಿ ಮುಟ್ಟದ ನಾನು ಹೆಂಡ ಕಾಯಿಸುವವಳಾದೆನೇ! "ಕುಡಿಯೋದಲ್ಲ ಅಂಕಲ್! ಒಳಗೆ ನಿಮ್ಮ ಮೊಳೆ ಇವೆ!"

ಅವರು ಒಂದು ಕಣ್ಣು ಮಿಟುಕಿಸಿ, "ಅಜ್ಜನೂ ಕೇಳಿದವರಿಗೆ ಬಾಯಿಗೆ ಬಂದದ್ದು ಹೇಳ್ತಿದ್ದ," ಎಂದು ನಕ್ಕು ಹೋದರು. ಈ ಮಾತು ಶೆರ್ಲಿಯ ಕಿವಿಗೆ ಬಿದ್ದರೆ? ಹಿಂದಿನ ಬಾಗಿಲಲ್ಲಿ ಸಾರಾಯಿ, ಮುಂದಿನ ಬಾಗಿಲಲ್ಲಿ ಬನಶಂಕರಿ ಫೋಟೋ! ಆದರೂ ಒಂದು ಪುಣ್ಯ. ಪೊಲೀಸರ ಬದಲು ಗ್ಲಾಸು ಹಿಡಿದ ಅಂಕಲ್ ಬಂದರಲ್ಲ.

ಇನ್ನು ಬಟ್ಟೆ. ಅಚ್ಚು ಹೊಡೆಯುವ ಮೊದಲು ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ತಲೆಗೂದಲಿಗೆ ಹಚ್ಚುವ ಪುಡಿಗಳ ನಡುವೆ ಅಳಲೆಕಾಯಿ ಪುಡಿ ಸಿಕ್ಕಿತು. ಸ್ನಾನ ಮಾಡಿ, ಮಡಿಯಲ್ಲಿ, ತೆಳು ಮಲ್ಲಿನ ಬಟ್ಟೆಯನ್ನು ಅದರಲ್ಲಿ ಅದ್ದಿ ತೆಗೆದೆ. ಅರಿಶಿನದ ಸೀರೆಯಂತೆ ಹಳದಿಯಾಯಿತು. ಭಾನುವಾರದ ಒಳ್ಳೆಯ ಬಿಸಿಲಿಗೆ ಹಿತ್ತಲ ತಂತಿಗೆ ಹಾಕಿ, ಒಳಗೆ ಬಂದು ಪೂಜೆಗೆ ಕೂತೆ. ಮಂಗಳಾರತಿ ಎತ್ತುವ ಹೊತ್ತಿಗೆ ಚುರ್ ಎಂಬ ಸದ್ದು.

ಇವಾನ್ ಅಂಕಲ್ ಬಾರ್ಬೆಕ್ಯೂ ಹಚ್ಚಿದ್ದರು! ಸಾಸೇಜಿನ ನೀಲಿ ಹೊಗೆ ಬೇಲಿ ದಾಟಿ ಬಂದು ನೇರವಾಗಿ ಅಂತರಪಟವನ್ನು ಅಪ್ಪಿಕೊಂಡಿತ್ತು.

ಬಟ್ಟೆಯನ್ನು ಮೂಗಿಗೆ ಹಿಡಿದೆ. ಸಂಶಯವೇ ಇಲ್ಲ. ಹಂದಿ! ನನ್ನ ತಮ್ಮನ ಮಗಳ ಮದುವೆಯ ಪಟ, ಬ್ರಾಹ್ಮಣರು ಮಂತ್ರ ಹೇಳುತ್ತ ಹಿಡಿಯುವ ಪಟ, ಇದನ್ನು ಹೀಗೇ ಕಳಿಸಲೇ? ಸೋಮವಾರ ಬೆಳಿಗ್ಗೆ ಅದನ್ನು ಸಾಬೂನು ಹಾಕಿ ತಿಕ್ಕಿ ತಿಕ್ಕಿ ಒಗೆದೆ. ಜಾಲಿಸಿದೆ. ಕೊನೆಯ ನೀರಿಗೆ ದೇವರ ಮನೆಯ ಗಂಗಾಜಲದ ಎರಡು ಹನಿ ಬೆರೆಸಿದೆ. ಹಳದಿಯೆಲ್ಲ ಹೋಗಿ ಬಟ್ಟೆ ಹಾಲಿನ ಕೆನೆಯ ಹಾಗೆ ಬೆಳ್ಳಗಾಯಿತು. "ನೋಡ್ರೀ, ಎಷ್ಟ್ ಮಡಿ!" ಎಂದು ನಮ್ಮವರಿಗೆ ತೋರಿಸಿದೆ. ಅವರಿಗೂ ಚೆನ್ನಾಗಿಯೇ ಕಂಡಿತು. ಗಂಡ ಹೆಂಡತಿ ಒಂದೇ ಮಾತಿಗೆ ಬರುವುದು ಅಪರೂಪ. ಬಂದಾಗ ಹೆದರಬೇಕು.

ಮಂಗಳವಾರ ಅಚ್ಚು ಹೊಡೆಯುವ ಮುಹೂರ್ತ. ಮನೆಯೊಳಗೆ ಅಷ್ಟು ಉದ್ದದ ಮೇಜಿಲ್ಲ. ಸಮನಾದ, ಉದ್ದವಾದ, ಗಾಳಿಯಾಡುವ ಜಾಗ ಒಂದೇ ಇತ್ತು. ಡೆಕ್! ಶೆರ್ಲಿಯ ಮಾತು ಮರೆತಿರಲಿಲ್ಲ. ಅದಕ್ಕಾಗಿಯೇ ಅಡಿಯಲ್ಲಿ ಒಂದು ಹಳೆಯ ಬೆಡ್‌ಶೀಟು ಹಾಸಿದೆ. ಬಕೆಟ್ಟಿನ ನೀರನ್ನು ಸೋಸಿ ಗೋಂದು ಕಲಸಿದೆ. ತವರಿನಲ್ಲಿ ಅದು ದೋಸೆಹಿಟ್ಟಿನಷ್ಟು ಗಟ್ಟಿಯಾಗಿರುತ್ತಿತ್ತು. ನನ್ನದು ತಿಳಿಸಾರಾಗಿತ್ತು. ಇರಲಿ, ಸಾರಿನಲ್ಲೂ ರುಚಿಯಿರುತ್ತದಲ್ಲ.

ರಾಘು ಪೋಸ್ಟಿನಲ್ಲಿ ಕಳಿಸಿದ್ದ ಗಿಳಿಯ ಅಚ್ಚುಗಳನ್ನು ತೆಗೆದೆ. ಬನಶಂಕರಿಗೆ ನಮಸ್ಕರಿಸಿ ಮೊದಲ ಅಚ್ಚು ಇಟ್ಟೆ. ಗುದ್ದಿದೆ.

ಶಾಲೆಯಿಂದ ಬಂದಿದ್ದ ಅಂಕಿತಾ ಬಾಗಿ ನೋಡಿದಳು. "ಅಮ್ಮಾ, ಐ ಕಾಂಟ್ ಸೀ ಎನಿಥಿಂಗ್."

"ಒಣಗಿದ ಮ್ಯಾಲೆ ಕಪ್ಪಾಗ್ತದವಾ. ಇದು ನಮ್ಮ ಮನಿ ವಿದ್ಯಾ."

"ಲೈಕ್, ಇನ್ವಿಸಿಬಲ್ ಇಂಕ್?"

"ಸುಮ್ನ ಬಟ್ಟಿ ಹಿಡಿ."

ಬಟ್ಟೆಯ ಮೇಲೆ ಚಹಾ ಚೆಲ್ಲಿ ಒರೆಸಿದಷ್ಟು ಮಾಸಲು ಗೆರೆ. ಕಾಣದಿದ್ದ ಮೇಲೆ ಬಣ್ಣ ಸಾಲದು ಎಂದುಕೊಂಡು ಅಚ್ಚನ್ನು ಇನ್ನಷ್ಟು ಅದ್ದಿ ಇನ್ನಷ್ಟು ಬಲವಾಗಿ ಗುದ್ದಿದೆ. ಒಂದು ಸಾಲು ಎಡಕ್ಕೆ ನೋಡುವ ಗಿಳಿ, ಒಂದು ಸಾಲು ಬಲಕ್ಕೆ ನೋಡುವ ಗಿಳಿ. ಅಷ್ಟರಲ್ಲಿ ಫೋನು. ಶೆರ್ಲಿ! "ಶನಿವಾರ ಮಧ್ಯಾಹ್ನ ಬರ್ತೀನಿ, ಡಿಯರ್." ನಾನು ಅಚ್ಚನ್ನು ಬೆನ್ನ ಹಿಂದೆ ಅಡಗಿಸಿ "ಮೋಸ್ಟ್ ವೆಲ್‌ಕಮ್" ಎಂದೆ. ಬಟ್ಟೆಯನ್ನೆತ್ತಿ ಒಳಗೆ ಒಣಹಾಕಿ, ಬೆಡ್‌ಶೀಟು ಮಡಚಿ, ಡೆಕ್ಕಿನ ಮೇಲೆ ಒಂದು ಹನಿಯೂ ಕಾಣದ್ದನ್ನು ಖಾತ್ರಿ ಮಾಡಿಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಸಂಜೆ ಸಣ್ಣ ಮಳೆ ಜಿನುಗಿತು. ಡೆಕ್ ತೊಳೆದಂತಾಯಿತೆಂದು ಅದಕ್ಕೂ ಕೃತಜ್ಞಳಾದೆ.

ಬುಧವಾರ ಬೆಳಿಗ್ಗೆ ಪರದೆ ಸರಿಸಿದೆ.

ಡೆಕ್ಕಿನ ಮೇಲೆ ಗಿಳಿಗಳು ಕೂತಿದ್ದವು.

ಈ ಅಂಚಿನಿಂದ ಆ ಅಂಚಿಗೆ. ಎದುರುಬದುರು. ಕೊಕ್ಕು, ಕಣ್ಣು, ರೆಕ್ಕೆಯ ಒಂದೊಂದು ಗರಿ ಸಮೇತ, ಕಾಡಿಗೆಯಲ್ಲಿ ಬರೆದಷ್ಟು ಕಪ್ಪಗೆ! ಒಳಗೆ ಓಡಿಹೋಗಿ ಬಟ್ಟೆ ನೋಡಿದೆ. ಬೆಳ್ಳಗೆ, ಮಡಿಯಾಗಿ, ಏನೂ ಅರಿಯದ ಕೂಸಿನಂತೆ ತೂಗಾಡುತ್ತಿತ್ತು.

ನಮ್ಮವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. ನೋಡಿದರು. ಬ್ರಷ್ಷು ತೆಗೆದರು. "ಇಷ್ಟ್ ಚೊಕ್ಕ ಅಚ್ಚು ನಿಮ್ಮಪ್ಪನೂ ಹೊಡದಿರ್ಲಿಕ್ಕಿಲ್ಲ ಬಿಡು."

"ನಗಬ್ಯಾಡ್ರಿ! ಮನಿ ಹೋಗ್ತದ! ನಾವ್ ಬೀದಿಗೆ ಬೀಳ್ತೀವಿ!"

ಅಂಕಿತಾ ತನ್ನ ವಿಜ್ಞಾನದ ಪುಸ್ತಕ ತೆರೆದಳು. ಕಬ್ಬಿಣದ ನೀರಿಗೆ ತನ್ನದೇ ಬಣ್ಣವಿಲ್ಲವಂತೆ. ಅಳಲೆಕಾಯಿಯಂಥ ಒಗರು ಸಿಕ್ಕರೆ ಮಾತ್ರ ಅದು ಕಪ್ಪಾಗುತ್ತದಂತೆ. ಬಟ್ಟೆಯ ಒಗರನ್ನು ನಾನು ಮಡಿಯ ಹೆಸರಿನಲ್ಲಿ ಸಾಬೂನು ಹಾಕಿ ಒಗೆದು ಮೋರಿಗೆ ಬಿಟ್ಟಿದ್ದೆ. ಕ್ವಿಲಾ ಮರದ ತುಂಬ ಒಗರು! ತಿಳಿಸಾರು ಮಲ್ಲಿನ ಬಟ್ಟೆ ದಾಟಿ, ಬೆಡ್‌ಶೀಟು ದಾಟಿ, ತನಗೆ ಬೇಕಾದದ್ದನ್ನು ಹುಡುಕಿಕೊಂಡು ಹೋಗಿತ್ತು. "ಸೋ ಯೂ ಪ್ರಿಂಟೆಡ್ ದ ಹೌಸ್, ಅಮ್ಮಾ," ಎಂದಳು. ಮಕ್ಕಳನ್ನು ಓದಿಸಬಾರದು.

ಪಾತ್ರೆ ತೊಳೆಯುವ ಸೋಪು ಸುರಿದು ತಿಕ್ಕಿದೆ. ಗಿಳಿಗಳು ಮಿರುಗಿದವು. ಸೋಡಾಪುಡಿ ಹಾಕಿ ತಿಕ್ಕಿದೆ. ಇನ್ನೂ ಕಪ್ಪಾದವು! ನಾನು ತಿಕ್ಕಿದಷ್ಟೂ ಅವುಗಳಿಗೆ ಪುಷ್ಟಿ ಬರುತ್ತಿತ್ತು. ಗುರುವಾರ ನಮ್ಮವರು ಒಂದು ಯೋಜನೆ ಮಂಡಿಸಿದರು. ಡೆಕ್ಕಿನ ತುಂಬ ಜಮಖಾನ ಹಾಸುವುದು. ಶೆರ್ಲಿ ಕೇಳಿದರೆ ಸತ್ಯನಾರಾಯಣ ಪೂಜೆ ಎನ್ನುವುದು.

"ದೇವರ ಹೆಸರಿನ್ಯಾಗ ಸುಳ್ಳೇನ್ರೀ?"

"ಹಂಗಾರ ಖರೇನ ಪೂಜಿ ಮಾಡು."

"ಆಕಿ ಜಮಖಾನ ಎತ್ತಿದ್ರ?"

"ಪೂಜಿ ನಡುವ ಎತ್ತಬಾರದು ಅಂತ ಹೇಳೋದು."

ಆ ಎರಡು ದಿನ ನಾನು ನನ್ನ ಮನೆಯಲ್ಲೇ ಕಳ್ಳಿಯಂತೆ ಓಡಾಡಿದೆ. ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾದರೆ ಶೆರ್ಲಿ ಎಂದು ಸೋಫಾದ ಹಿಂದೆ ಕೂರುತ್ತಿದ್ದೆ. ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆ ಎಲ್ಲಿ ಸಿಕ್ಕಾವು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಮಗಳು ಪರೀಕ್ಷೆಯ ಹೊತ್ತಿನಲ್ಲಿ ಯಾರ ಮನೆಯ ಹಾಲಿನಲ್ಲಿ ಕೂತು ಓದಬೇಕೋ! ದೇವರ ಪೆಟ್ಟಿಗೆಯನ್ನು ಯಾರ ಗ್ಯಾರೇಜಿನಲ್ಲಿ ಇಡಬೇಕೋ! ಗಿಳಿಗಳು ಮಾತ್ರ ಒಂದಕ್ಕೊಂದು ನೋಡಿಕೊಂಡು ಹಾಯಾಗಿದ್ದವು.

ಶುಕ್ರವಾರ ನನಗೆ ಹೊಳೆಯಿತು. ಇದು ಯಾರದೋ ಕಣ್ಣು! ಇಷ್ಟು ಒಳ್ಳೆಯ ಮನೆಗೆ ದೃಷ್ಟಿ ತಾಗದೆ ಇದ್ದೀತೇ? ನಿಂಬೆಹಣ್ಣು ಹಿಡಿದು ಡೆಕ್ಕಿನ ನಡುವೆ ನಿಂತೆ. "ಊರವರ ಕಣ್ಣು, ನೆರೆಯವರ ಕಣ್ಣು, ಮನೆ ನೋಡಾಕ ಪಾಳಿ ನಿಂತವರ ಕಣ್ಣು," ಎಂದು ನಿವಾಳಿಸಿದೆ. ಹೆಚ್ಚಿ ಎರಡು ಹೋಳು ಮಾಡಿದೆ. ಕುಂಕುಮದ ಬಟ್ಟಲು ತೆಗೆಯುತ್ತಿದ್ದಂತೆ ನಮ್ಮವರು ಒಳಗಿನಿಂದ ಕೂಗಿದರು.

"ಏ! ಕುಂಕುಮ ಹಚ್ಚಬ್ಯಾಡ! ಕೆಂಪೂ ತುಂಬಿದಂಗ ಆದೀತು!"

ಆ ಕೂಗಿಗೆ ಬೆಚ್ಚಿ ನಿಂಬೆಹೋಳನ್ನು ಹಿಂಡಿಬಿಟ್ಟೆ. ರಸ ಒಂದು ಗಿಳಿಯ ತಲೆಯ ಮೇಲೆ ಬಿತ್ತು. ನೋಡುನೋಡುತ್ತಿದ್ದಂತೆ ತಲೆ ಮಾಯ!

"ದ ಪ್ಯಾರಟ್ ಹ್ಯಾಸ್ ನೋ ಹೆಡ್!" ಎಂದು ಅಂಕಿತಾ ಕಿರುಚಿದಳು.

ನಾನು ಅಲ್ಲೇ ಮೊಣಕಾಲೂರಿದೆ. ತಾಯೀ ಬನಶಂಕರಿ! ಕಡಲು ದಾಟಿ ಬಂದೆಯಾ! ಕಣ್ಣೀರು ಒರೆಸಿಕೊಳ್ಳುವಾಗ ನೆನಪಾಯಿತು. ಬಟ್ಟೆಯ ಮೇಲೆ ಕರಿಯ ಹನಿ ತಪ್ಪಿ ಬಿದ್ದರೆ ನನ್ನವ್ವ ಸಾರಿಗೆ ಹಿಂಡಿ ಉಳಿದ ನಿಂಬೆ ಸಿಪ್ಪೆಯಿಂದ ಅದನ್ನು ತಿಕ್ಕಿ ತೆಗೆಯುತ್ತಿದ್ದಳಲ್ಲ! ಕಣ್ಣಾರೆ ಕಂಡದ್ದು. ಮೂಲೆಯ ಕಲ್ಲು ಕಾಯುತ್ತ ಮರೆತದ್ದು.

"ಆಸಿಡ್," ಎಂದರು ನಮ್ಮವರು ಗಂಭೀರವಾಗಿ.

"ನೀವು ಆಸಿಡ್ ಅನ್ರಿ, ನಾ ತಾಯಿ ಅಂತೀನಿ. ಮೊದಲ ನಿಂಬಿಹಣ್ಣು ತರ್ರಿ."

ಇವಾನ್ ಅಂಕಲ್ಲಿನ ಹಿತ್ತಲಲ್ಲಿ ನಿಂಬೆಮರ ಜೋತುಬಿದ್ದಿತ್ತು. ಅವರು ಕೈಗಾಡಿಯಲ್ಲಿ ತುಂಬಿಕೊಂಡೇ ಬಂದರು. "ಈಗ ಅರ್ಥವಾಯ್ತು, ಲೆಮನ್ ಹಾಕೋ ವೈನು," ಎಂದರು. ತಿದ್ದುವಷ್ಟು ತ್ರಾಣ ನನಗಿರಲಿಲ್ಲ.

ಮೂವರೂ ಮಂಡಿಯೂರಿ ಒಂದೊಂದೇ ಗಿಳಿಯ ಮೇಲೆ ನಿಂಬೆ ತಿಕ್ಕಿದೆವು. ಅರ್ಧ ಡೆಕ್ ಮುಗಿದ ಮೇಲೆ ನೀರು ಹಾಕಿ ತೊಳೆದು ಎದ್ದು ನಿಂತು ನೋಡಿದೆ. ಕರಿ ಗಿಳಿಗಳು ಹೋಗಿದ್ದವು.

ಬಿಳಿ ಗಿಳಿಗಳು ಬಂದಿದ್ದವು!

ನಿಂಬೆರಸ ನನ್ನ ಕಪ್ಪನ್ನಷ್ಟೇ ತೆಗೆದಿರಲಿಲ್ಲ. ಮರದ ಮೇಲೆ ವರ್ಷಗಟ್ಟಲೆ ಕೂತಿದ್ದ ಮಸಿ, ಪಾಚಿ, ಬಿಸಿಲಿನ ಕಂದು ಎಲ್ಲವನ್ನೂ ತೆಗೆದಿತ್ತು. ಮಾಸಿದ ಡೆಕ್ಕಿನಲ್ಲಿ ಗಿಳಿಯಾಕಾರದ ಹೊಸ ಮರ ಹೊಳೆಯುತ್ತಿತ್ತು. ಮೊದಲು ಹತ್ತಿರ ಹೋದವರಿಗೆ ಕಾಣುತ್ತಿತ್ತು. ಈಗ ವಿಮಾನದಿಂದಲೂ ಕಾಣುತ್ತಿತ್ತು.

"ಇನ್ನ ಒಂದ ದಾರಿ," ಎಂದರು ನಮ್ಮವರು, ಹಾಳಾದ ಮಂಡಿ ಹಿಡಿದುಕೊಂಡು. "ಇಡೀ ಡೆಕ್ ತಿಕ್ಕಬೇಕು."

ತಿಕ್ಕುತ್ತಿರುವಾಗಲೇ ರಾಘುವಿನ ವಿಡಿಯೋ ಕಾಲ್ ಬಂತು. "ಅಕ್ಕಾ, ಅಂತರಪಟ ತೋರ್ಸು." ನಾನು ಬಾಯಿ ಬಿಡುವ ಮೊದಲೇ ಅಂಕಿತಾ ಫೋನನ್ನು ಡೆಕ್ಕಿನತ್ತ ತಿರುಗಿಸಿದಳು. ಬೆಟಗೇರಿಯ ಕಡೆಯಿಂದ ಬಂದದ್ದು ನಗು. ಅವನು ನಕ್ಕು, ನಕ್ಕು, ಕೆಮ್ಮಿ, ಹೆಂಡತಿಯನ್ನು ಕರೆದು ತೋರಿಸಿ ಮತ್ತೆ ನಕ್ಕ. ಅಂಕಿತಾ ಸಾಬೂನಿನ ಕತೆ ಹೇಳಿ ಬಿಳಿ ಬಟ್ಟೆಯನ್ನೂ ತೋರಿಸಿದಳು.

"ನಗು, ನಗು. ನಿನ್ನ ಮಗಳ ಲಗ್ನಕ್ಕ ಪಟಾ ಇಲ್ಲ, ನಮಗ ಮನಿ ಇಲ್ಲ."

"ಯಾಕಳ್ತಿ ಅಕ್ಕಾ? ಆ ಬಿಳಿ ಬಟ್ಟಿ ಹಂಗ ಪೋಸ್ಟಿಗೆ ಹಾಕು. ಇಲ್ಲಿ ಅಳಲಿಕಾಯಿ ನೀರಾಗ ಅದ್ದಿದ್ರ ನಿನ್ನ ಗಿಳಿ ಎದ್ದು ಕುಂದರ್ತಾವ. ಗೆರಿ ನೀ ಹೊಡದೀದಿ. ಕಾಣವಲ್ಲದು, ಅಷ್ಟ."

ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಇನ್ನೊಂದು ಹಾಗೇ ಇತ್ತು. ಮನೆ.

ಶನಿವಾರ ಬೆಳಿಗ್ಗೆಯೇ ಎದ್ದು ಶುರುಮಾಡಿದೆವು. ಮಧ್ಯಾಹ್ನದೊಳಗೆ ಮುಗಿದೀತೆಂಬ ಆಸೆ. ಅರ್ಧ ಡೆಕ್ ಮಾತ್ರ ಒಂದೇ ಸಮನೆ ಬಂಗಾರದಂತೆ ಬೆಳಗುತ್ತಿತ್ತು. ಉಳಿದರ್ಧದಲ್ಲಿ ಕರಿ ಗಿಳಿಗಳ ಮದುವೆ ದಿಬ್ಬಣ ಹಾಗೇ ಇತ್ತು. ನಾನು ನಡುವೆ ಮಂಡಿಯೂರಿದ್ದೆ, ಕಚ್ಚೆ ಕಟ್ಟಿ, ಕೈಯಲ್ಲಿ ಹಿಂಡಿದ ನಿಂಬೆ. ಆಗ ಹಿಂದಿನಿಂದ ದನಿ.

"ಮಳೆ ಬರೋ ಹಾಗಿತ್ತು. ಬೇಗ ಬಂದ್ಬಿಟ್ಟೆ, ಡಿಯರ್."

ಶೆರ್ಲಿ!

ಜಮಖಾನ ಒಳಗಿತ್ತು. ನಮ್ಮವರು ಬಕೆಟ್ಟು ಹಿಡಿದು ಕಂಬವಾಗಿದ್ದರು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಇಂಗ್ಲಿಷು ಒಟ್ಟಿಗೆ ಓಡಿಹೋಗಿ ಮೂರು ಮಾತು ಮಾತ್ರ ಉಳಿದಿದ್ದವು. "ವೆಡ್ಡಿಂಗ್. ಪ್ಯಾರಟ್. ಸಾರಿ." ಅಳು ಬಂತು. ಅಂಕಿತಾ ಮುಂದೆ ಬಂದು ಬಕೆಟ್ಟಿನಿಂದ ಹಿಡಿದು 'ಊರವರ ಕಣ್ಣಿ'ನ ತನಕ ಒಂದೂ ಬಿಡದೆ ಹೇಳಿದಳು. ನಾನು ಸುಳ್ಳಿಗೆ ಒಪ್ಪದವಳು ನಿಜ. ಆದರೆ ಇಷ್ಟು ಸತ್ಯ ಬೇಕಿರಲಿಲ್ಲ!

ಶೆರ್ಲಿ ಕಟಕಟೆ ಹಿಡಿದು ನಿಧಾನವಾಗಿ ಬಂದು, ಕಪ್ಪು ಅರ್ಧಕ್ಕೂ ಬಂಗಾರದ ಅರ್ಧಕ್ಕೂ ನಡುವೆ ನಿಂತಳು. ಗಿಳಿಗಳನ್ನು ನೋಡಿದಳು. ಆ ಮುಖದಲ್ಲಿ ಏನಿದೆ ಎಂದು ನನಗೆ ತಿಳಿಯಲಿಲ್ಲ. ಬಾಯಲ್ಲಿ ದೇವೀಸ್ತೋತ್ರ ಬರಲಿಲ್ಲ, ರಟ್ಟಿನ ಪೆಟ್ಟಿಗೆಗಳೇ ಕಣ್ಣ ಮುಂದೆ ಬಂದವು. ಆಮೇಲೆ ಅವಳು ಬಂಗಾರದ ಅರ್ಧದ ಕಡೆ ತಿರುಗಿ, ಕಷ್ಟಪಟ್ಟು ಬಾಗಿ, ಒಂದು ಹಲಗೆಯನ್ನು ಅಂಗೈಯಿಂದ ಸವರಿದಳು.

"ರಾನ್ ಹಲಗೆ ಹಾಕಿದ ವಾರ ಹೀಗಿತ್ತು," ಎಂದಳು. "ಆಮೇಲೆ ನಾನು ಇದನ್ನ ಹೀಗೆ ನೋಡೇ ಇಲ್ಲ. ಏನು ಹಾಕಿದ್ರಿ?"

"ಲೆ... ಲೆಮನ್."

"ಬರೀ ಲೆಮನ್?"

ಬರೀ ಲೆಮನ್, ಮತ್ತೆ ಮೂರು ಜನರ ಮಂಡಿ. ನಾನು ತಲೆಯಾಡಿಸಿದೆ.

ಅವಳು ನೆಟ್ಟಗಾದಳು. "ಸರಿ. ಈ ಹಕ್ಕಿಗಳು ಸಂಜೆಯೊಳಗೆ ಹೋಗಬೇಕು. ನಾಳೆ ಮಗನನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ. ಅವನಪ್ಪ ಮಾಡಿದ ಡೆಕ್ ಮೇಲೆ ನಿಂತು ಮನೆ ಮಾರೋ ಮಾತು ಆಡ್ಲಿ, ನೋಡೋಣ."

"ಹಾಗಾದ್ರೆ ನಾವು..." ಎಂದರು ನಮ್ಮವರು ಬಕೆಟ್ಟಿನ ಹಿಂದಿನಿಂದ.

"ಎರಡು ವರ್ಷ. ಅಂದೆನಲ್ಲ." ಬಾಗಿಲ ತನಕ ಹೋದವಳು ತಿರುಗಿದಳು. "ಒಂದು ಮಾತು. ಈಗ ನಾನಿರೋ ಮನೇಲೂ ಒಂದು ಡೆಕ್ ಇದೆ, ಡಿಯರ್."

ಡಿಯರ್ ಎನ್ನುವವರಿಗೆ ಇಲ್ಲವೆನ್ನುವುದು ಹೇಗೆ? ಅದರಲ್ಲೂ ಮನೆ ಉಳಿಸಿದವರಿಗೆ! ಮಗ ಬಂದ, ನೋಡಿದ, ಅಪ್ಪನ ಹಲಗೆಯ ಮೇಲೆ ಕೂತು ಸುಮ್ಮನೆ ಚಹಾ ಕುಡಿದು ಹೋದ. ಅಂತರಪಟ ಬೆಟಗೇರಿ ಮುಟ್ಟಿತು. ಅಳಲೆಕಾಯಿ ನೀರಿನಲ್ಲಿ ಗಿಳಿಗಳು ಎದ್ದವಂತೆ, ಸ್ವಲ್ಪ ಬೂದಿ ಬಣ್ಣಕ್ಕೆ, ಸ್ವಲ್ಪ ಹರಡಿಕೊಂಡು. "ಫಾರಿನ್ ಗಿಳಿ, ಮೈಕೈ ತುಂಬ್ಕೊಂಡಾವ," ಎಂದು ರಾಘು ಬಂದವರಿಗೆ ಹೇಳಿದನಂತೆ. ಪೂರ್ಣಿಮಾ ಸುಖವಾಗಿದ್ದಾಳೆ. ಇಷ್ಟಾದರೂ ಆಯಿತಲ್ಲ ಎಂದು ನಾನು ದಿನವೂ ಪೂರ್ವದ ಕಿಟಕಿಯಲ್ಲಿ ಕೈ ಮುಗಿಯುತ್ತೇನೆ.

ಶೆರ್ಲಿಯ ಡೆಕ್ ಆಯಿತು. ಆಕೆಯ ಗೆಳತಿಯದು ಬಂತು. ಆ ಗೆಳತಿಯ ತಂಗಿಯದು ಬಂತು. ಮೊನ್ನೆ ಅಂಕಿತಾಳ ಜೊತೆ ಮಂಡಿಗೆ ದಿಂಬು ಕಟ್ಟಿಕೊಂಡು, ನಿಂಬೆ ಹಿಡಿದು, ಅಪರಿಚಿತರ ಹಲಗೆ ತಿಕ್ಕುತ್ತಿದ್ದೆ. ಮನೆಯಾಕೆ ಚಹಾ ತಂದಿಟ್ಟು ಬೆರಗಿನಿಂದ ಕೇಳಿದಳು. "ಎಂಥ ಕೈ ನಿಮ್ಮದು! ನಿಮ್ಮ ಮನೆಯವರು ಈ ಕಸುಬಿನಲ್ಲಿ ಎಷ್ಟು ಕಾಲದಿಂದ ಇದ್ದಾರೆ?"

ನಾನು ಬಾಯಿ ತೆರೆಯುವ ಮೊದಲೇ ಅಂಕಿತಾ ಹೇಳಿಬಿಟ್ಟಳು. "ಫೋರ್ ಜನರೇಷನ್ಸ್."

ನಾನು ತಲೆ ತಗ್ಗಿಸಿ ಇನ್ನೊಂದು ಹೋಳು ಹಿಂಡಿದೆ.